ಎಡಕ್ಕೆ ಎಳೆಯುವ ಜೀಪು: ಡ್ರಮ್ ಬ್ರೇಕಿನ ದೋಷ ಹುಡುಕುವುದನ್ನು ಕಲಿಸಿದ ಎರಡು ಪಾಠಗಳು

ಹಿನ್ನೆಲೆ

ಬೋಧನಾಭ್ಯಾಸಕ್ಕಾಗಿ ನನ್ನನ್ನು ಸಕಲೇಶಪುರ ತಾಲ್ಲೂಕಿನ ಒಂದು ಪ್ರೌಢಶಾಲೆಗೆ ಕಳುಹಿಸಲಾಗಿತ್ತು. ಎಂಟನೇ ತರಗತಿಯಲ್ಲಿ ‘ಬಲ ಮತ್ತು ಒತ್ತಡ’, ‘ಘರ್ಷಣೆ’ ಎಂಬ ಎರಡು ಘಟಕಗಳು ಮುಗಿದಿದ್ದವು. ಎರಡನ್ನೂ ಸೇರಿಸಿ ಒಂದು ಅನ್ವಯ ಪಾಠ ಮಾಡುವಂತೆ ಮಾರ್ಗದರ್ಶಕ ಅಧ್ಯಾಪಕರು ಸೂಚಿಸಿದರು. ಬಿ.ಎಡ್. ಸೇರುವ ಮೊದಲು ನಾನು ಎರಡು ವರ್ಷ ಗ್ಯಾರೇಜಿನಲ್ಲಿ ಕೆಲಸ ಮಾಡಿದವನು. ನಮ್ಮ ಸೋದರಮಾವನ ಹತ್ತಿರ ಒಂದು ಹಳೆಯ ಜೀಪು ಇದೆ. ಆ ಶಾಲೆಯ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಗುಡ್ಡದ ಮೇಲಿನ ಊರುಗಳಿಂದ ಅಂಥದೇ ಬಾಡಿಗೆ ಜೀಪುಗಳಲ್ಲಿ ಬರುತ್ತಾರೆ. ಆದ್ದರಿಂದ ಜೀಪಿನ ಬ್ರೇಕನ್ನೇ ವಿಷಯವಾಗಿ ಆರಿಸಿಕೊಂಡೆ. ವಿಷಯ ನನಗೆ ಗೊತ್ತು, ಮಕ್ಕಳಿಗೂ ಹತ್ತಿರದ್ದು. ಪಾಠ ಚೆನ್ನಾಗಿ ಆಗುತ್ತದೆ ಎಂದು ನಂಬಿದ್ದೆ.

ಮೊದಲ ಪಾಠ ಚೆನ್ನಾಗಿ ಆಗಲಿಲ್ಲ. ಏಕೆ ಆಗಲಿಲ್ಲ, ಎರಡನೇ ಸಲ ಏನು ಬದಲಿಸಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ತಪ್ಪು ಬರೀ ಬೋಧನೆಯದ್ದಲ್ಲ, ವಿಷಯದ್ದೂ ಹೌದು. ಅದನ್ನು ತೋರಿಸಿಕೊಟ್ಟದ್ದು ಎಂಟನೇ ತರಗತಿಯ ಒಬ್ಬ ಹುಡುಗ.

ಮೊದಲ ಪಾಠ: ಎಲ್ಲಿ ತಪ್ಪಿತು

ಕಪ್ಪುಹಲಗೆಯನ್ನು ಎರಡು ಭಾಗ ಮಾಡಿ ಎಡಕ್ಕೆ ‘ದೋಷ’, ಬಲಕ್ಕೆ ‘ಪರಿಹಾರ’ ಎಂದು ಬರೆದೆ. ಪೆಡಲ್ ಮೆತ್ತಗಿದ್ದರೆ ಗಾಳಿ ತೆಗೆಯಬೇಕು. ಪೆಡಲ್ ತೀರಾ ಕೆಳಗೆ ಹೋದರೆ ಶೂ ಹೊಂದಿಸಬೇಕು. ಕಿರ್ರೆಂದು ಸದ್ದಾದರೆ ಡ್ರಮ್ ಬಿಚ್ಚಿ ಶುಚಿ ಮಾಡಬೇಕು. ಹೀಗೆ ಎಂಟು ಸಾಲು. ಮಕ್ಕಳು ಅಚ್ಚುಕಟ್ಟಾಗಿ ಬರೆದುಕೊಂಡರು. ಮೌಲ್ಯಮಾಪನದ ಪ್ರಶ್ನೆಗಳಿಗೆಲ್ಲ ಕೈ ಎತ್ತಿದರು, ಉತ್ತರಗಳೂ ಸರಿಯಾಗಿದ್ದವು. ನನಗೆ ಸಮಾಧಾನವಾಯಿತು.

ಆರನೇ ಸಾಲು ಹೀಗಿತ್ತು: ‘ಬ್ರೇಕ್ ಹಾಕಿದಾಗ ವಾಹನ ಎಡಕ್ಕೆ ಎಳೆದರೆ, ಎಡ ಚಕ್ರದ ಬ್ರೇಕ್ ಸಡಿಲಿಸಬೇಕು.’ ಗಂಟೆ ಹೊಡೆಯಲು ಎರಡು ನಿಮಿಷ ಇರುವಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಅವನ ಅಪ್ಪ ತೋಟದ ಟ್ರ್ಯಾಕ್ಟರ್ ಓಡಿಸುತ್ತಾರೆ.

“ಸರ್, ಎಡಗಡೆ ಸರಿಯಾಗೇ ಹಿಡೀತಾ ಇದ್ದು, ಬಲಗಡೆದು ಹಿಡೀದೇ ಇದ್ರೂ ಗಾಡಿ ಎಡಕ್ಕೇ ಹೋಗುತ್ತಲ್ವಾ? ಆವಾಗ ಎಡಗಡೆದು ಸಡಿಲ ಮಾಡಿದ್ರೆ ಎರಡೂ ಹಾಳಾಗಲ್ವಾ?”

ನಾನು “ಅದೂ ಒಂದು ಕಾರಣ ಇರಬಹುದು, ಕೂತ್ಕೋ” ಎಂದು ಹೇಳಿ ಪಾಠ ಮುಗಿಸಿದೆ. ಆದರೆ ಮನಸ್ಸಿಗೆ ಚುರುಕು ಮುಟ್ಟಿತ್ತು. ಏಕೆಂದರೆ ಹಿಂದಿನ ವಾರವಷ್ಟೇ ಮಾವನ ಜೀಪು ಎಡಕ್ಕೆ ಎಳೆಯುತ್ತಿದೆ ಎಂದು ಹೇಳಿದಾಗ ನಾನು ಮಾಡಿದ್ದು ಅದನ್ನೇ. ಎಡ ಮುಂಚಕ್ರದ ಹಿಂಬದಿಯ ಹೊಂದಾಣಿಕೆ ತಿರುಪನ್ನು ತಿರುಗಿಸಿ ಶೂ ಸಡಿಲಿಸಿದ್ದೆ. ಮೂರು ದಿನದ ನಂತರ ಮಾವ, “ಎಳೆಯೋದು ಸ್ವಲ್ಪ ಕಡಿಮೆ ಆದಂಗಿದೆ ಕಣೋ, ಆದ್ರೆ ಪೆಡಲ್ ಮೊದಲಿಗಿಂತ ಕೆಳಗೆ ಹೋಗ್ತಿದೆ” ಎಂದಿದ್ದರು. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ಆ ಸಂಜೆ ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಬರೆದದ್ದು ಎರಡೇ ವಾಕ್ಯ: ‘ಮಕ್ಕಳು ನಿಮ್ಮ ಪಟ್ಟಿಯನ್ನು ಕಲಿತಿದ್ದಾರೆ, ದೋಷ ಹುಡುಕುವುದನ್ನು ಕಲಿತಿಲ್ಲ. ಕೊನೆಯ ಪ್ರಶ್ನೆಯಿಂದ ಮತ್ತೆ ಪಾಠ ಆರಂಭಿಸಿ.’

ಪಾಠಕ್ಕೆ ಬೇಕಾದ ವಿಷಯಜ್ಞಾನ

ಎರಡನೇ ಪಾಠಯೋಜನೆ ಬರೆಯುವ ಮೊದಲು ನನಗೇ ವಿಷಯವನ್ನು ಮತ್ತೊಮ್ಮೆ ಓದಿಕೊಳ್ಳಬೇಕಾಯಿತು. ಇದೇ ಪಾಠವನ್ನು ಮಾಡಬಯಸುವ ಪ್ರಶಿಕ್ಷಣಾರ್ಥಿಗಳಿಗೆ ಅನುಕೂಲವಾಗಲೆಂದು ಮುಖ್ಯಾಂಶಗಳನ್ನು ಕೊಡುತ್ತಿದ್ದೇನೆ.

ನಮ್ಮ ಕಡೆಯ ಹಳೆಯ ಜೀಪುಗಳು ಎರಡನೇ ಮಹಾಯುದ್ಧದ ಕಾಲದ ವಿಲ್ಲಿಸ್ ಜೀಪಿನ ವಂಶದವು. ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕ್. ಪೆಡಲ್ ತುಳಿದಾಗ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಬ್ರೇಕ್ ಆಯಿಲನ್ನು ಒತ್ತುತ್ತದೆ. ಒತ್ತಡ ಕೊಳವೆಗಳ ಮೂಲಕ ನಾಲ್ಕೂ ವೀಲ್ ಸಿಲಿಂಡರುಗಳಿಗೆ ತಲುಪುತ್ತದೆ. ಪ್ರತಿ ವೀಲ್ ಸಿಲಿಂಡರಿನಲ್ಲಿ ಎರಡು ಪಿಸ್ಟನ್‌ಗಳು, ಒಂದೊಂದು ಪಿಸ್ಟನ್ ಒಂದೊಂದು ಶೂವನ್ನು ಹೊರಕ್ಕೆ ತಳ್ಳುತ್ತದೆ. ಶೂಗೆ ಅಂಟಿಸಿದ ಅಥವಾ ರಿವೆಟ್ ಹೊಡೆದ ಲೈನರ್, ಚಕ್ರದ ಜೊತೆ ತಿರುಗುವ ಡ್ರಮ್ಮಿನ ಒಳಮೈಗೆ ಉಜ್ಜುತ್ತದೆ. ಪೆಡಲ್ ಬಿಟ್ಟಾಗ ಸ್ಪ್ರಿಂಗ್ ಶೂಗಳನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಒತ್ತಡದ ಪಾಠವೂ ಘರ್ಷಣೆಯ ಪಾಠವೂ ಇಲ್ಲಿ ಒಂದೇ ಕಡೆ ಸೇರುತ್ತವೆ.

ಈ ವ್ಯವಸ್ಥೆಯಲ್ಲಿ ಎರಡು ಶೂಗಳೂ ಸಮಾನವಾಗಿ ಕೆಲಸ ಮಾಡುವುದಿಲ್ಲ. ಸಿಲಿಂಡರ್ ಮೇಲೆ, ಶೂಗಳ ಕೀಲು ಕೆಳಗೆ ಇರುವ ಈ ಜೀಪುಗಳಲ್ಲಿ ಗಾಡಿ ಮುಂದಕ್ಕೆ ಹೋಗುವಾಗ ಮುಂದಿನ ಶೂವನ್ನು ಡ್ರಮ್ ತನ್ನ ಜೊತೆಗೇ ಎಳೆದುಕೊಂಡು ಇನ್ನಷ್ಟು ಒತ್ತಿಕೊಳ್ಳುತ್ತದೆ. ಹಿಂದಿನ ಶೂವನ್ನು ದೂರ ತಳ್ಳುತ್ತದೆ. ಆದ್ದರಿಂದ ಮುಂದಿನ ಶೂವಿನ ಕೆಲಸ ಹೆಚ್ಚು. ಘರ್ಷಣೆಯೇ ಘರ್ಷಣೆಯನ್ನು ಹೆಚ್ಚಿಸಿಕೊಳ್ಳುವ ಈ ಗುಣದಿಂದಾಗಿ ಡ್ರಮ್ ಬ್ರೇಕಿನಲ್ಲಿ ಎಡಬಲಗಳ ಚಿಕ್ಕ ವ್ಯತ್ಯಾಸವೂ ದೊಡ್ಡ ಎಳೆತವಾಗಿ ಕಾಣುತ್ತದೆ. ಒಂದು ಪಕ್ಕದ ಲೈನರಿಗೆ ಒಂದಿಷ್ಟು ಎಣ್ಣೆ ತಗುಲಿದರೂ ಸಾಕು.

ಪೆಡಲ್ ಕೊಡುವ ಸುಳಿವುಗಳನ್ನು ಹೀಗೆ ಬೇರ್ಪಡಿಸಬಹುದು:

1. ಮೊದಲ ತುಳಿತಕ್ಕೆ ಪೆಡಲ್ ಕೆಳಗೆ ಹೋಗಿ, ಬೇಗಬೇಗನೆ ಎರಡು ಮೂರು ಸಲ ತುಳಿದರೆ ಮೇಲೆ ಬಂದು ಗಟ್ಟಿಯಾದರೆ, ಶೂ ಮತ್ತು ಡ್ರಮ್ಮಿನ ನಡುವಿನ ಅಂತರ ಹೆಚ್ಚಾಗಿದೆ. ಲೈನರ್ ಸವೆದಿರಬಹುದು, ಹೊಂದಾಣಿಕೆ ತಪ್ಪಿರಬಹುದು.

2. ಪೆಡಲ್ ಮೇಲೆ ಬಂದರೂ ಕಾಲಿಗೆ ಸ್ಪಂಜಿನಂತೆ ಮೆತ್ತಗೆ ಸಿಕ್ಕರೆ, ಕೊಳವೆಯಲ್ಲಿ ಗಾಳಿ ಸೇರಿದೆ. ದ್ರವ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ.

3. ಒಂದೇ ಸಮ ಒತ್ತಿ ಹಿಡಿದಾಗ ಪೆಡಲ್ ನಿಧಾನವಾಗಿ ಕುಸಿಯುತ್ತಾ ಹೋದರೆ, ಸೋರಿಕೆ ಇದೆ. ತೊಟ್ಟಿಯಲ್ಲಿ ಆಯಿಲ್ ಕಡಿಮೆಯಾಗುತ್ತಿದ್ದರೆ ಹೊರಗೆ ಸೋರುತ್ತಿದೆ. ಕಡಿಮೆಯಾಗದಿದ್ದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಕಪ್ಪನ್ನು ದಾಟಿ ಹಿಂದಕ್ಕೆ ಹೋಗುತ್ತಿದೆ.

4. ಪೆಡಲ್ ಗಟ್ಟಿಯಾಗಿಯೇ ಇದ್ದು ಗಾಡಿ ನಿಲ್ಲದಿದ್ದರೆ, ಒತ್ತಡ ಸರಿಯಿದೆ, ಘರ್ಷಣೆ ಸಾಲುತ್ತಿಲ್ಲ. ಲೈನರ್ ಗಾಜಿನಂತೆ ನುಣುಪಾಗಿರಬಹುದು, ಎಣ್ಣೆ ಅಥವಾ ನೀರು ತಗುಲಿರಬಹುದು.

ಕಾಡುದಾರಿಯ ಗಾಡಿಗೆ ನಾಲ್ಕನೆಯದು ಬಹಳ ಮುಖ್ಯ. ಹಳ್ಳ ದಾಟಿದ ಮೇಲೆ ಡ್ರಮ್ಮಿನೊಳಗೆ ನೀರು ನಿಂತು ಬ್ರೇಕ್ ಹಿಡಿಯುವುದಿಲ್ಲ. ದಾಟಿದ ಕೂಡಲೇ ಪೆಡಲನ್ನು ಹಗುರವಾಗಿ ಒತ್ತಿಕೊಂಡು ಸ್ವಲ್ಪ ದೂರ ನಿಧಾನವಾಗಿ ಓಡಿಸಿದರೆ ಉಜ್ಜಿದ ಬಿಸಿಗೆ ನೀರು ಆರುತ್ತದೆ. ಇದಕ್ಕೆ ತದ್ವಿರುದ್ಧವಾದದ್ದು ಘಾಟಿಯ ಇಳಿಜಾರು. ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಇಳಿದರೆ ಡ್ರಮ್ ಕಾದು ಹಿಗ್ಗಿ ಶೂನಿಂದ ದೂರ ಸರಿಯುತ್ತದೆ, ಲೈನರಿನ ಹಿಡಿತವೂ ಕುಗ್ಗುತ್ತದೆ. ಬ್ರೇಕ್ ಆಯಿಲ್ ಗಾಳಿಯಿಂದ ತೇವ ಹೀರುವ ಗುಣದ್ದು. ಡಾಟ್ 3 ದರ್ಜೆಯ ಹೊಸ ಆಯಿಲಿಗೆ ಇರಬೇಕಾದ ಕನಿಷ್ಠ ಕುದಿಬಿಂದು 205 ಡಿಗ್ರಿ ಸೆಲ್ಸಿಯಸ್. ತೇವ ಹೀರಿದ ಆಯಿಲಿಗೆ ಅದೇ ದರ್ಜೆಯ ಕನಿಷ್ಠ ಮಿತಿ 140 ಡಿಗ್ರಿ. ವರ್ಷಗಟ್ಟಲೆ ಬದಲಿಸದ ಆಯಿಲ್ ಇಳಿಜಾರಿನಲ್ಲಿ ಕುದಿದು ಆವಿಯಾದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಹತ್ತುವ ಗೇರಿನಲ್ಲೇ ಇಳಿಯಬೇಕು ಎಂಬ ಹಳೆಯ ಡ್ರೈವರುಗಳ ಮಾತಿಗೆ ಕಾರಣ ಇದು.

ಮರುಯೋಜಿಸಿದ ಪಾಠ

ತರಗತಿ: ಎಂಟು. ಅವಧಿ: ಜೋಡಿ ಅವಧಿ, 80 ನಿಮಿಷ.

ಉದ್ದೇಶಗಳು: ವಿದ್ಯಾರ್ಥಿಯು (ಅ) ಒಂದೇ ಲಕ್ಷಣಕ್ಕೆ ಒಂದಕ್ಕಿಂತ ಹೆಚ್ಚು ಕಾರಣಗಳನ್ನು ಊಹಿಸುವನು, (ಆ) ಆ ಕಾರಣಗಳಲ್ಲಿ ಯಾವುದು ನಿಜ ಎಂದು ತಿಳಿಯಲು ಒಂದು ಪರೀಕ್ಷೆ ಸೂಚಿಸುವನು, (ಇ) ಪರೀಕ್ಷೆಯ ಫಲಿತಾಂಶದಿಂದ ಒಂದು ಕಾರಣವನ್ನು ಕೈಬಿಡುವನು, (ಈ) ದ್ರವದ ಒತ್ತಡ ಮತ್ತು ಘರ್ಷಣೆಯ ಆಧಾರದಿಂದ ತನ್ನ ತೀರ್ಮಾನವನ್ನು ವಿವರಿಸುವನು.

ಪಾಠೋಪಕರಣಗಳು: ಸೂಜಿ ತೆಗೆದ ಪ್ಲಾಸ್ಟಿಕ್ ಸಿರಿಂಜುಗಳು, ಸಲೈನ್ ನಳಿಕೆ, ಮೂರು ಬಾಯಿಯ ಜೋಡಣೆ, ಬಣ್ಣದ ನೀರು, ಗಾಜಿನ ಲೋಟಗಳು, ಒಂದು ಹಳೆಯ ಬ್ರೇಕ್ ಶೂ, ಮಾವನ ಜೀಪು.

ಪೀಠಿಕೆ. ಪಟ್ಟಿಯ ಆರನೇ ಸಾಲನ್ನು ಹಲಗೆಯ ಮೇಲೆ ಮತ್ತೆ ಬರೆದೆ. “ಇದು ತಪ್ಪು. ತಪ್ಪು ಮಾಡಿದವನು ನಾನು. ಹೋದ ವಾರ ಜೀಪಿಗೂ ಹೀಗೇ ಮಾಡಿದೆ, ಈಗ ಅದರ ಪೆಡಲ್ ಕೆಳಗೆ ಹೋಗ್ತಿದೆ. ಕಾರಣ ನೀವೇ ಹುಡುಕಬೇಕು” ಎಂದೆ. ತರಗತಿ ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ಎದ್ದ ಗದ್ದಲವನ್ನು ಅಡಗಿಸಲು ಎರಡು ನಿಮಿಷ ಬೇಕಾಯಿತು. ಹಿಂದಿನ ಬೆಂಚಿನ ಹುಡುಗನ ಪ್ರಶ್ನೆಯನ್ನು ಅವನಿಂದಲೇ ಇನ್ನೊಮ್ಮೆ ಕೇಳಿಸಿದೆ. ಹಲಗೆಯ ಮೇಲೆ ಎರಡು ಊಹೆಗಳು ಬಂದವು: ‘ಎಡದ್ದು ಅತಿಯಾಗಿ ಹಿಡಿಯುತ್ತಿದೆ’, ‘ಬಲದ್ದು ಹಿಡಿಯುತ್ತಿಲ್ಲ’.

ಅನ್ವೇಷಣೆ 1, ಸಿರಿಂಜು ಬ್ರೇಕು. ಒಂದು ಸಿರಿಂಜನ್ನು ಪೆಡಲ್ ಎಂದು, ಮೂರು ಬಾಯಿಯ ಜೋಡಣೆಯಿಂದ ಹೊರಟ ಎರಡನ್ನು ಎಡಬಲ ಚಕ್ರಗಳೆಂದು ಇಟ್ಟುಕೊಂಡೆವು. ನೀರು ತುಂಬಿ ಒತ್ತಿದಾಗ ಎರಡೂ ಮುಂದಕ್ಕೆ ಬಂದವು. ನಳಿಕೆಯಲ್ಲಿ ಬೇಕೆಂದೇ ಒಂದು ಗಾಳಿಗುಳ್ಳೆ ಬಿಟ್ಟಾಗ ಕೈಗೆ ಸ್ಪಂಜಿನ ಅನುಭವವಾಯಿತು. ಮಕ್ಕಳು ಒಬ್ಬರಾದ ಮೇಲೆ ಒಬ್ಬರು ಒತ್ತಿ ನೋಡಿ ನಕ್ಕರು. ನಂತರ ಬಲಗಡೆಯದನ್ನು ತೆಗೆದು, ನಾನು ಮೊದಲೇ ಒಳಗೆ ಅಂಟು ಸವರಿ ಒಣಗಿಸಿಟ್ಟಿದ್ದ ಸಿರಿಂಜನ್ನು ಜೋಡಿಸಿದೆ. ಈಗ ಎಡದ್ದು ಮಾತ್ರ ಚಲಿಸಿತು.

ಒಬ್ಬ ಹುಡುಗಿ ಕೇಳಿದಳು: “ಸರ್, ಒತ್ತಡ ಎಲ್ಲಾ ಕಡೆ ಒಂದೇ ಇರುತ್ತೆ ಅಂದ್ರಲ್ಲ, ಹಂಗಾದ್ರೆ ಬಲಗಡೆದಕ್ಕೆ ಒತ್ತಡ ಹೋಗಿಲ್ವಾ?” ಈ ಪ್ರಶ್ನೆ ನನ್ನ ಯೋಜನೆಯಲ್ಲಿ ಇರಲಿಲ್ಲ. ಉತ್ತರ ಹೇಳಲು ಬಾಯಿ ತೆರೆದವನು ತಡೆದುಕೊಂಡು ತರಗತಿಗೇ ಬಿಟ್ಟೆ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಬ್ಬಳು, “ಒತ್ತಡ ಹೋಗಿದೆ, ಅಂಟು ಬಿಡ್ತಾ ಇಲ್ಲ ಅಷ್ಟೆ” ಎಂದಳು. ಒತ್ತಡ ಸಮ, ಆದರೆ ಸಿಕ್ಕಿಕೊಂಡ ಪಿಸ್ಟನ್ನಿನಲ್ಲಿ ಆ ಬಲವೆಲ್ಲ ಘರ್ಷಣೆಯನ್ನು ಎದುರಿಸುವುದರಲ್ಲೇ ಮುಗಿಯುತ್ತದೆ. ಶೂ ತಳ್ಳಲು ಉಳಿಯುವುದಿಲ್ಲ. ಘರ್ಷಣೆ ಲೈನರಿನಲ್ಲಿ ಬೇಕು, ಪಿಸ್ಟನ್ನಿನಲ್ಲಿ ಬೇಡ. ಈ ವಾಕ್ಯವನ್ನು ಮಕ್ಕಳೇ ಹೇಳಿದರು, ನಾನು ಹಲಗೆಗೆ ಬರೆದೆ.

ಅನ್ವೇಷಣೆ 2, ಜೀಪಿನ ಬಳಿ. ಮಾವ ಗುಡ್ಡದ ದಾರಿಯಲ್ಲಿ ನಿಧಾನವಾಗಿ ಇಳಿದು ಬಂದು ಆಗಷ್ಟೇ ಶಾಲೆಯ ಅಂಗಳದಲ್ಲಿ ಜೀಪು ನಿಲ್ಲಿಸಿದ್ದರು. ಊಹೆಗಳಲ್ಲಿ ಯಾವುದು ನಿಜ ಎಂದು ಏನನ್ನೂ ಬಿಚ್ಚದೆ ತಿಳಿಯುವುದು ಹೇಗೆ ಎಂದು ಕೇಳಿದೆ. “ಕೈ ಉಜ್ಜಿದ್ರೆ ಬಿಸಿ ಆಗುತ್ತಲ್ಲ” ಎಂಬ ಉತ್ತರ ಘರ್ಷಣೆಯ ಪಾಠದಿಂದಲೇ ಬಂತು. ಮುಟ್ಟದೆ, ಅಂಗೈಯನ್ನು ಡ್ರಮ್ಮಿನ ಹತ್ತಿರ ಹಿಡಿದು ನೋಡಲು ಹೇಳಿದೆ. ಎಡ ಮುಂಚಕ್ರ ಚೆನ್ನಾಗಿ ಬಿಸಿ, ಹಿಂದಿನ ಎರಡೂ ಹದವಾದ ಬಿಸಿ, ಬಲ ಮುಂಚಕ್ರ ಮಾತ್ರ ತಣ್ಣಗೆ.

ಇಲ್ಲಿ ತರ್ಕವನ್ನು ಅವಸರ ಮಾಡದೆ ಹಂತ ಹಂತವಾಗಿ ಕೇಳಿದೆ. ಎಡದ್ದು ಅತಿಯಾಗಿ ಹಿಡಿಯುತ್ತಿದ್ದು ಬಲದ್ದು ಸರಿಯಿದ್ದಿದ್ದರೆ ಬಲದ್ದು ಹೇಗಿರಬೇಕಿತ್ತು? ಹಿಂದಿನವುಗಳಂತೆ ಬಿಸಿಯಾಗಿಯೇ ಇರಬೇಕಿತ್ತು. ಅದು ತಣ್ಣಗಿದೆ. ಆದ್ದರಿಂದ ಮೊದಲ ಊಹೆ ಬಿತ್ತು. ಹಲಗೆಯ ಪ್ರತಿ ಇದ್ದ ರಟ್ಟಿನಲ್ಲಿ ಹಿಂದಿನ ಬೆಂಚಿನ ಹುಡುಗ ಅದರ ಮೇಲೆ ಗೆರೆ ಎಳೆದ.

ಮುಂದಿನ ಪ್ರಶ್ನೆ: ಬಲ ಚಕ್ರ ಏಕೆ ಹಿಡಿಯುತ್ತಿಲ್ಲ? ಒತ್ತಡ ಅಲ್ಲಿಗೆ ತಲುಪುತ್ತಿಲ್ಲ (ರಬ್ಬರ್ ಹೋಸು ಒಳಗೆ ಊದಿ ಮುಚ್ಚಿದೆ), ಒತ್ತಡ ತಲುಪಿದರೂ ಪಿಸ್ಟನ್ ಚಲಿಸುತ್ತಿಲ್ಲ, ಪಿಸ್ಟನ್ ಚಲಿಸಿದರೂ ಶೂ ಡ್ರಮ್ಮಿಗೆ ತಾಗುತ್ತಿಲ್ಲ, ತಾಗಿದರೂ ಲೈನರಿಗೆ ಎಣ್ಣೆ ಮೆತ್ತಿದೆ. ಈ ನಾಲ್ಕು ಊಹೆಗಳು ಬರಲು ಹತ್ತು ನಿಮಿಷ ಹಿಡಿಯಿತು. ಕೊಳವೆಯ ದಾರಿಯಲ್ಲೇ ಬೆರಳಿಟ್ಟು ಮಾಸ್ಟರ್ ಸಿಲಿಂಡರಿನಿಂದ ಡ್ರಮ್ಮಿನವರೆಗೆ ಬನ್ನಿ ಎಂದದ್ದು ಸಹಾಯವಾಯಿತು.

ಮಕ್ಕಳನ್ನು ದೂರ ನಿಲ್ಲಿಸಿ ಜೀಪನ್ನು ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿದೆ. ಮಾವ ಪೆಡಲ್ ಒತ್ತಿ ಹಿಡಿದಾಗಲೂ ಬಲ ಮುಂಚಕ್ರ ಕೈಯಲ್ಲಿ ತಿರುಗಿತು. ಆಮೇಲೆ ಅದರ ಬ್ಲೀಡರ್ ತಿರುಪನ್ನು ಸಡಿಲಿಸಿ, ನಳಿಕೆ ಸಿಕ್ಕಿಸಿ, ಮತ್ತೆ ಒತ್ತಲು ಹೇಳಿದೆ. ಆಯಿಲ್ ರಭಸದಿಂದ ಬಾಟಲಿಗೆ ಬಂತು. ಹೋಸು ಮುಚ್ಚಿಲ್ಲ, ಒತ್ತಡ ತಲುಪುತ್ತಿದೆ ಎಂದಾಯಿತು. ಎರಡನೇ ಊಹೆಯ ಸಾಲು ಉಳಿಯಿತು, ಅದಕ್ಕೂ ಕೆಳಗಿನವೂ ಉಳಿದವು. ಇನ್ನು ಡ್ರಮ್ ಬಿಚ್ಚಲೇಬೇಕಿತ್ತು.

ಡ್ರಮ್ ಕಳಚಿದಾಗ ಲೈನರ್ ಒಣಗಿಯೇ ಇತ್ತು, ದಪ್ಪವೂ ಇತ್ತು. ಮಾವ ಪೆಡಲನ್ನು ತುಸುವೇ ಒತ್ತಿದರು. ಎರಡು ಶೂಗಳೂ ಕದಲಲಿಲ್ಲ. ಸಿಲಿಂಡರಿನ ರಬ್ಬರ್ ಮುಚ್ಚಳ ಎತ್ತಿದಾಗ ಪಿಸ್ಟನ್ನಿನ ಸುತ್ತ ಕೆಂಪು ತುಕ್ಕು. ಮಳೆಗಾಲದ ಎರಡು ತಿಂಗಳು ಜೀಪು ಕೊಟ್ಟಿಗೆಯ ಪಕ್ಕ ನಿಂತೇ ಇತ್ತು ಎಂದು ಮಾವ ಆಗ ನೆನಪಿಸಿಕೊಂಡರು. “ಅಂಟು ಸಿರಿಂಜು!” ಎಂದು ಯಾರೋ ಕೂಗಿದರು. ಇಡೀ ಬೋಧನಾಭ್ಯಾಸದಲ್ಲಿ ನನಗೆ ಅತ್ಯಂತ ಸಂತೋಷವಾದ ಕ್ಷಣ ಅದು.

ವಿವರಣೆ. ಉಳಿದದ್ದು ನನ್ನ ತಪ್ಪಿನ ಲೆಕ್ಕ. ಎಡದ್ದನ್ನು ಸಡಿಲಿಸಿದರೆ ಪೆಡಲ್ ಏಕೆ ಕೆಳಗೆ ಹೋಯಿತು? ಲೆಕ್ಕ ಸುಲಭವಾಗಲೆಂದು ಮಾಸ್ಟರ್ ಪಿಸ್ಟನ್ ಮತ್ತು ಮುಂಚಕ್ರದ ಪಿಸ್ಟನ್‌ಗಳ ವಿಸ್ತೀರ್ಣ ತಲಾ 5 ಚದರ ಸೆಂ.ಮೀ. ಎಂದೂ, ಪೆಡಲ್ 5 ಸೆಂ.ಮೀ. ಚಲಿಸಿದರೆ ಮಾಸ್ಟರ್ ಪಿಸ್ಟನ್ 1 ಸೆಂ.ಮೀ. ಚಲಿಸುತ್ತದೆ ಎಂದೂ ಇಟ್ಟುಕೊಂಡೆವು. ಒಂದು ಚಕ್ರದ ಎರಡು ಪಿಸ್ಟನ್‌ಗಳು ತಲಾ 1 ಮಿ.ಮೀ. ಹೆಚ್ಚು ದೂರ ಹೋಗಬೇಕಾದರೆ ಬೇಕಾಗುವ ಆಯಿಲ್ 2 × 5 × 0.1 = 1 ಘನ ಸೆಂ.ಮೀ. ಅದನ್ನು ಕೊಡಲು ಮಾಸ್ಟರ್ ಪಿಸ್ಟನ್ 0.2 ಸೆಂ.ಮೀ. ಹೋಗಬೇಕು, ಪೆಡಲ್ 1 ಸೆಂ.ಮೀ. ಒಂದೇ ಚಕ್ರದಲ್ಲಿ ಒಂದು ಮಿಲಿಮೀಟರ್ ಸಡಿಲಕ್ಕೆ ಪೆಡಲಿನಲ್ಲಿ ಒಂದು ಸೆಂಟಿಮೀಟರ್. ನಾಲ್ಕೂ ಚಕ್ರದ ಲೈನರ್ ಸವೆದರೆ ಎಷ್ಟಾಗಬಹುದು ಎಂಬುದನ್ನು ಮಕ್ಕಳೇ ಊಹಿಸಿ ಗಾಬರಿಯಾದರು. ಸರಿಯಿದ್ದ ಬ್ರೇಕನ್ನು ಸಡಿಲಿಸಿ ನಾನು ಮಾಡಿದ್ದು ಇಷ್ಟೆ: ರೋಗ ಹಾಗೇ ಇತ್ತು, ರೋಗದ ಗುರುತು ಮಸುಕಾಯಿತು.

ಅದೇ ಲೆಕ್ಕವನ್ನು ಬಲಕ್ಕೂ ಮಾಡಿದೆವು. ಕಾಲಿನ ಬಲ 200 ನ್ಯೂಟನ್ ಆದರೆ ಮಾಸ್ಟರ್ ಪಿಸ್ಟನ್ನಿನ ಮೇಲೆ 1000 ನ್ಯೂಟನ್. ಒತ್ತಡ ಚದರ ಸೆಂಟಿಮೀಟರಿಗೆ 200 ನ್ಯೂಟನ್. ಮುಂಚಕ್ರದ ಒಂದೊಂದು ಪಿಸ್ಟನ್ನೂ ಶೂವನ್ನು 1000 ನ್ಯೂಟನ್ ಬಲದಿಂದ ತಳ್ಳುತ್ತದೆ. ದೂರದಲ್ಲಿ ಕಳೆದುಕೊಂಡದ್ದನ್ನು ಬಲದಲ್ಲಿ ಪಡೆಯುತ್ತೇವೆ ಎಂಬುದು ಎರಡೂ ಲೆಕ್ಕಗಳನ್ನು ಅಕ್ಕಪಕ್ಕ ಇಟ್ಟಾಗ ತಾನಾಗಿ ಕಂಡಿತು.

ವಿಸ್ತರಣೆ. ಡ್ರಮ್ಮಿನೊಳಗೆ ಜಿಡ್ಡು ಕಂಡರೆ ಅದು ವೀಲ್ ಸಿಲಿಂಡರಿನಿಂದ ಸೋರಿದ ಬ್ರೇಕ್ ಆಯಿಲೋ, ಆಕ್ಸಲ್ ಸೀಲಿನಿಂದ ಬಂದ ಗೇರ್ ಆಯಿಲೋ? ಎರಡು ಲೋಟ ನೀರಿಗೆ ನಾನೇ ಕೈಗವಸು ಹಾಕಿ ಒಂದೊಂದು ಹನಿ ಬಿಟ್ಟೆ. ಡಾಟ್ 3 ಬ್ರೇಕ್ ಆಯಿಲ್ ನೀರಿನಲ್ಲಿ ಬೆರೆಯಿತು, ಗೇರ್ ಆಯಿಲ್ ತೇಲಿತು. ಹೆಸರು ಎರಡಕ್ಕೂ ‘ಆಯಿಲ್’, ಗುಣ ಬೇರೆ. ಹೀಗಾಗಿಯೇ ಬ್ರೇಕ್ ತೊಟ್ಟಿಗೆ ಎಂಜಿನ್ ಆಯಿಲ್ ಸುರಿದರೆ ರಬ್ಬರ್ ಕಪ್ಪುಗಳು ಊದಿಕೊಂಡು ಇಡೀ ವ್ಯವಸ್ಥೆ ಕೆಡುತ್ತದೆ.

ಮೌಲ್ಯಮಾಪನ. ನೆನಪಿನ ಪ್ರಶ್ನೆಗಳನ್ನು ಬಿಟ್ಟು ಒಂದೇ ಸನ್ನಿವೇಶ ಕೊಟ್ಟೆ: ‘ಪೆಡಲ್ ಬಿಟ್ಟ ಮೇಲೂ ಒಂದು ಮುಂಚಕ್ರ ಮಾತ್ರ ಬಿಡುವುದಿಲ್ಲ. ಕಾರಣ ಒತ್ತಡವೋ, ಸ್ಪ್ರಿಂಗೋ? ಒಂದು ಪರೀಕ್ಷೆ ಸೂಚಿಸಿ.’ ಬ್ಲೀಡರ್ ತೆರೆದು ನೋಡಬೇಕು. ಚಕ್ರ ಬಿಟ್ಟರೆ ಒಳಗೆ ಒತ್ತಡ ಸಿಕ್ಕಿಕೊಂಡಿದೆ, ಬಿಡದಿದ್ದರೆ ದೋಷ ಶೂ ಅಥವಾ ಸ್ಪ್ರಿಂಗಿನದ್ದು ಎಂದು ಬಹಳ ಮಂದಿ ಬರೆದರು. ಕೆಲವರು ಇನ್ನೂ ಮುಂದೆ ಹೋಗಿ, ಒಂದೇ ಚಕ್ರವಾದರೆ ಆ ಚಕ್ರದ ಹೋಸು, ನಾಲ್ಕೂ ಚಕ್ರವಾದರೆ ಮಾಸ್ಟರ್ ಸಿಲಿಂಡರ್ ಎಂದು ಬರೆದಿದ್ದರು. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಪಾಠದ ನಂತರ ನಡೆದದ್ದು

ಪಾಠ ಮುಗಿಯುವ ಹೊತ್ತಿಗೆ, ಒತ್ತಡದ ಪ್ರಶ್ನೆ ಕೇಳಿದ್ದ ಹುಡುಗಿ ಹತ್ತಿರ ಬಂದಳು. ಅವಳ ಊರಿನ ಮಕ್ಕಳು ಬರುವ ಜೀಪನ್ನು ಓಡಿಸುವವರು ಅವಳ ಚಿಕ್ಕಪ್ಪ. “ಸರ್, ದೊಡ್ಡ ಇಳಿಜಾರು ಬರೋ ಮುಂಚೆ ಚಿಕ್ಕಪ್ಪ ಮೂರು ಸಲ ತುಳೀತಾರೆ. ಆಮೇಲೆ ಹಿಡಿಯುತ್ತೆ. ನಿಮ್ಮ ಪಟ್ಟಿಯಲ್ಲಿ ಮೊದಲನೇದು ಅಲ್ವಾ ಅದು?”

ಅವಳೇ ಮನೆಯಲ್ಲಿ ಹೇಳಲಿ ಎಂದು ಬಿಡುವುದು ಸುಲಭವಿತ್ತು. ಆದರೆ ಹದಿಮೂರು ವರ್ಷದ ಮಗು ಚಿಕ್ಕಪ್ಪನ ಜೀಪು ಸರಿಯಿಲ್ಲ ಎಂದು ಮನೆಯಲ್ಲಿ ಹೇಳಿದರೆ ಅದು ಪಾಠವಾಗಿ ಉಳಿಯುವುದಿಲ್ಲ, ದೂರಾಗುತ್ತದೆ. ಮುಖ್ಯೋಪಾಧ್ಯಾಯರಿಗೆ ತಿಳಿಸಿ, ಮಾವನನ್ನೂ ಕರೆದುಕೊಂಡು ಭಾನುವಾರ ಅವರ ಮನೆಗೆ ಹೋದೆ. ಅವರಿಗೆ ಮೊದಲು ಸಿಟ್ಟು ಬಂತು. “ಇಪ್ಪತ್ತು ವರ್ಷದಿಂದ ಈ ದಾರೀಲಿ ಓಡಿಸ್ತಿದ್ದೀನಿ ಮೇಷ್ಟ್ರೇ, ಗಾಡಿ ಸ್ವಭಾವ ನನಗೆ ಗೊತ್ತು” ಎಂದರು. ನಾನು ನನ್ನ ತಪ್ಪಿನ ಕಥೆಯನ್ನೇ ಹೇಳಿದೆ. ಮಾವನೂ, “ಇವನು ನನ್ನ ಗಾಡಿ ಹಾಳು ಮಾಡಿದ್ದ, ಮಕ್ಕಳು ಸರಿ ಮಾಡ್ಸಿದ್ರು ಮಾರಾಯ್ರೇ” ಎಂದು ನಕ್ಕರು. ಕಾಫಿ ಕುಡಿದ ಮೇಲೆ ಅವರೇ ಜಾಕ್ ತಂದರು.

ಹಿಂದಿನ ಎಡ ಚಕ್ರದ ಲೈನರ್ ರಿವೆಟಿನ ತಲೆಯವರೆಗೆ ಸವೆದಿತ್ತು. ಸಿಲಿಂಡರಿನ ರಬ್ಬರ್ ಮುಚ್ಚಳದ ಒಳಗೆ ಒದ್ದೆ ಇತ್ತು. ಅವರು ಬಹಳ ಹೊತ್ತು ಮಾತಾಡಲಿಲ್ಲ. ಮರುದಿನ ಜೀಪು ಗ್ಯಾರೇಜಿಗೆ ಹೋಯಿತು, ಮಕ್ಕಳು ಎರಡು ದಿನ ಬಸ್ಸಿನಲ್ಲಿ ಬಂದರು.

ಪ್ರಶಿಕ್ಷಣಾರ್ಥಿಗಳಿಗೆ ಕೆಲವು ಸೂಚನೆಗಳು

ಸುರಕ್ಷತೆ ಮೊದಲು. ಈ ಮಾದರಿಯ ಅನೇಕ ಹಳೆಯ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಚಕ್ರಗಳ ಮೇಲಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ ಪ್ರೊಪೆಲ್ಲರ್ ಶಾಫ್ಟಿನ ಮೇಲೆ ಇರುತ್ತದೆ. ಹಿಂದಿನ ಒಂದು ಚಕ್ರವನ್ನು ಎತ್ತಿದ ಕೂಡಲೇ ಡಿಫರೆನ್ಷಿಯಲ್ ಕಾರಣದಿಂದ ಎತ್ತಿದ ಚಕ್ರ ಹಿಮ್ಮುಖವಾಗಿ ತಿರುಗಿ ನೆಲದ ಮೇಲಿನ ಚಕ್ರ ಉರುಳಬಹುದು. ಹ್ಯಾಂಡ್ ಬ್ರೇಕ್ ನಂಬಬೇಡಿ. ಸಮನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಎರಡೂ ಕಡೆ ಅಡ್ಡೆ ಕೊಡಿ, ಜಾಕಿನ ಜೊತೆಗೆ ಸ್ಟ್ಯಾಂಡ್ ಇಡಿ. ಮಕ್ಕಳು ಗಾಡಿಯ ಕೆಳಗೆ ಹೋಗಕೂಡದು.

ಹಳೆಯ ಲೈನರುಗಳಲ್ಲಿ ಕಲ್ನಾರು ಇರುವ ಸಾಧ್ಯತೆ ಇದೆ. ಅದರ ಧೂಳು ಶ್ವಾಸಕೋಶಕ್ಕೆ ಅಪಾಯ. ಗ್ಯಾರೇಜಿನ ಅಭ್ಯಾಸದಂತೆ ಡ್ರಮ್ಮಿಗೆ ಬಾಯಿಂದಲೋ ಕಂಪ್ರೆಸರಿನಿಂದಲೋ ಗಾಳಿ ಊದಬೇಡಿ. ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿಡಿ. ನಾನು ಕೈಚಳಕದಲ್ಲಿ ಊದಲು ಬಾಗಿದಾಗ ಮಾರ್ಗದರ್ಶಕರು ಭುಜ ಹಿಡಿದು ತಡೆದರು.

ಪುಸ್ತಕದ ಮಾತನ್ನು ಗಾಡಿಗೆ ಹೊಂದಿಸಿ ಓದಿ. ಗಾಳಿ ತೆಗೆಯುವಾಗ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಆರಂಭಿಸುವುದು ರೂಢಿ. ಎಡಗಡೆ ಸ್ಟೀರಿಂಗ್ ಇರುವ ದೇಶಗಳ ಪುಸ್ತಕಗಳು ಹಿಂದಿನ ಬಲ ಚಕ್ರದಿಂದ ಆರಂಭಿಸಿ ಎನ್ನುತ್ತವೆ. ನಮ್ಮ ಜೀಪಿನಲ್ಲಿ ಸ್ಟೀರಿಂಗ್ ಮತ್ತು ಪೆಡಲ್ ಬಲಕ್ಕಿರುವುದರಿಂದ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ ಎಂಬ ಕ್ರಮ ಬರುತ್ತದೆ. ಸಿಲಿಂಡರ್ ಕಿಟ್ ಆಗಲಿ ಲೈನರ್ ಆಗಲಿ ಒಂದೇ ಆಕ್ಸಲಿನ ಎರಡೂ ಕಡೆ ಒಟ್ಟಿಗೆ ಬದಲಿಸಬೇಕು, ಇಲ್ಲದಿದ್ದರೆ ಎಳೆತ ಮರಳಿ ಬರುತ್ತದೆ. ದುರಸ್ತಿಯನ್ನು ಅನುಭವವುಳ್ಳ ಮೆಕ್ಯಾನಿಕ್ ಮಾಡಬೇಕು. ತರಗತಿಯ ಕೆಲಸ ದೋಷ ಹುಡುಕುವುದರವರೆಗೆ ಮಾತ್ರ.

ಜೀಪು ಸಿಗದಿದ್ದರೂ ಈ ಪಾಠ ಮಾಡಬಹುದು. ಸಿರಿಂಜು ಮಾದರಿ ಮತ್ತು ಬಿಸಿ-ತಣ್ಣಗಿನ ವಿವರ ಬರೆದ ಒಂದು ಚೀಟಿ ಸಾಕು. ಸೈಕಲ್ ಬ್ರೇಕು, ಹ್ಯಾಂಡ್ ಪಂಪು, ಉರಿಯದ ಬಲ್ಬು, ಯಾವುದಾದರೂ ಆಗುತ್ತದೆ. ಆದರೆ ಪರಿಹಾರದ ಪಟ್ಟಿಯನ್ನು ಮೊದಲು ಕೊಡಬೇಡಿ. ಲಕ್ಷಣ ಕೊಡಿ, ಊಹೆಗಳನ್ನು ಅವರಿಂದ ಬರೆಸಿ, ಒಂದೊಂದನ್ನು ಬೀಳಿಸುವ ಪರೀಕ್ಷೆ ಕೇಳಿ.

ಕೊನೆಯದಾಗಿ ನನಗೇ ಹೇಳಿಕೊಂಡ ಮಾತು. ಮೊದಲ ಪಾಠದಲ್ಲಿ ಎಲ್ಲ ಕೈಗಳೂ ಮೇಲೆದ್ದಿದ್ದವು, ಉತ್ತರಗಳೂ ಸರಿಯಿದ್ದವು. ಜೀಪು ಸಹ ಕಡಿಮೆ ಎಳೆಯುತ್ತಿತ್ತು. ಎರಡು ಕಡೆಯೂ ನಾನು ಗುರುತನ್ನು ನೋಡಿ ತೃಪ್ತನಾಗಿದ್ದೆ. ಈಗ ಪಾಠ ಮುಗಿಸುವ ಮೊದಲು ಕೊನೆಯ ಐದು ನಿಮಿಷ ಖಾಲಿ ಬಿಡುತ್ತೇನೆ, ಯಾರಾದರೂ ಎದ್ದು ನಿಂತು “ಸರ್, ಹೀಗೂ ಇರಬಹುದಲ್ವಾ?” ಎಂದು ಕೇಳಲಿ ಎಂದು.